ಇಪ್ಪತ್ತೆರಡಾದ ಮೇಲೆ ಇಪ್ಪತ್ತೇಳು

ಮಾರ್ಚ್ ೪, ಸೋಮವಾರ

ಅಣ್ಣ ಇವತ್ತು ತನ್ನ ಪುಸ್ತಕದ ಒಂಬತ್ತನೆಯ ಅಧ್ಯಾಯ ಶುರು ಮಾಡಿದ. ‘ರಾಜಕೀಯ ಮತ್ತು ನೀತಿ’. ಕಿಟಕಿಯ ಪಕ್ಕದ ಕುರ್ಚಿ ಅವನದು, ಮೇಜಿನ ಈಚೆಯದು ನನ್ನದು. ಅವನ ಕಣ್ಣು ಪೂರ್ತಿ ಹೋದ ವರ್ಷ ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು ಇಲ್ಲಿಗೆ ಬಂದೆ. ಏಳು ವರ್ಷದಿಂದ ಇವೇ ಎರಡು ಕುರ್ಚಿ, ಇವೇ ಎರಡು ಕೋಣೆ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.

“ರಾಜ್ಯಕ್ಕೆ ಕೈಮುಗಿಯೋದು ಬೇಡ, ಪುಟ್ಟಿ. ನಲ್ಲಿ ತಿರುಗಿಸಿ ನೋಡ್ತೀವಲ್ಲ, ಹಾಗೆ ನೋಡಬೇಕು. ನೀರು ಬಂತಾ? ಎಷ್ಟು ಜನಕ್ಕೆ ಬಂತು? ಪ್ರಶ್ನೆ ಅಷ್ಟೇ. ಇದನ್ನ ಪುಸ್ತಕದ ಭಾಷೇಲಿ ಮಾಡಿ ಬರ್ಕೋ.”

ಪುಸ್ತಕದ ಭಾಷೆಗೆ ತಂದರೆ ನೀರು ಹೋಗಿ ತುಕ್ಕು ಮಾತ್ರ ಉಳಿಯುತ್ತದೆ. ಹೇಳಿದ ಹಾಗೆಯೇ ಬರೆದೆ.

ಈ ದಿನಚರಿಯನ್ನು ಅವನ ಎದುರಿಗೇ ಕೂತು ಬರೆಯುತ್ತೇನೆ. ಪೆನ್ನಿನ ಸದ್ದು ಕೇಳಿ, ಅಧ್ಯಾಯದ ಶುದ್ಧಪ್ರತಿ ಆಗುತ್ತಿದೆ ಅಂದುಕೊಳ್ಳುತ್ತಾನೆ. ಈಗಲೂ “ಎಷ್ಟು ಪುಟ ಆಯ್ತು?” ಎಂದ. “ಆಗ್ತಾ ಇದೆ” ಎಂದೆ.

ಮಾರ್ಚ್ ೮, ಶುಕ್ರವಾರ

ನಗರಸಭೆಯ ಇಂಜಿನಿಯರ್ ಬಂದಿದ್ದರು. ಅಣ್ಣನ ಹಳೆಯ ವಿದ್ಯಾರ್ಥಿ. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಮೇಜಿನ ಮೇಲೆ ನಕ್ಷೆ ಹರಡಿದರು. ಅಣ್ಣನಿಗೆ ಕಾಣದೆಂದು ನೆನಪಾಗಿ ನಾಚಿಕೊಂಡು ಸುತ್ತಿದರು. ನಾನೇ ಮತ್ತೆ ಬಿಡಿಸಿದೆ.

ಹೋದ ಮಳೆಗಾಲದಲ್ಲಿ ತಗ್ಗಿನ ಬಡಾವಣೆಗೆ ನೀರು ನುಗ್ಗಿ ಏಳು ಜನ ಸತ್ತರು. ಈ ಮಳೆಗಾಲದೊಳಗೆ ಅಗಲವಾದ ಕಾಲುವೆ ತೋಡಲೇಬೇಕು. ಅದಕ್ಕೆ ದಾರಿ ಎರಡೇ: ಮುದ್ರಣಾಲಯದ ಬೀದಿ, ಇಲ್ಲವೇ ಗೋದಾಮು ಓಣಿ. ಎರಡರಲ್ಲಿ ಒಂದು ನೆಲಸಮವಾಗುತ್ತದೆ. ಯಾವುದೆಂದು ಹೇಳಲು ಮೂವರ ಸಮಿತಿ: ಇಂಜಿನಿಯರ್, ಒಬ್ಬ ನಿವೃತ್ತ ನ್ಯಾಯಾಧೀಶರು, ಅಣ್ಣ.

“ಸರ್, ನೀವಿದ್ರೆ ಯಾರೂ ಬೆರಳು ತೋರಿಸಲ್ಲ. ಎಣಿಸುವಾಗ ಮಂತ್ರಿ ತಲೆಗೂ ಒಂದೇ ಗೀಟು, ಹಮಾಲನ ತಲೆಗೂ ಒಂದೇ ಗೀಟು ಅಂತ ನೀವೇ ಪಾಠ ಮಾಡಿದ್ದು.”

ಅಣ್ಣ ಒಪ್ಪಿದ. ಅವರು ಹೋದ ಮೇಲೆ ಹೇಳಿದೆ: “ಮುದ್ರಣಾಲಯದ ಬೀದೀಲಿ ಅಕ್ಕನ ಮನೆ ಇದೆ.”

“ಗೊತ್ತು.”

“ಗೊತ್ತಿದ್ದೂ ಒಪ್ಕೊಂಡ್ಯಾ?”

“ನಮ್ಮೋರು ಯಾರೂ ಇಲ್ಲದ ಕಡೆ ನ್ಯಾಯ ಹೇಳೋದ್ರಲ್ಲಿ ಏನು ದೊಡ್ಡಸ್ತಿಕೆ?” ಎಂದ. ಆದರೆ ಕೈ ಚಾಚಿದವನು ನೀರಿನ ಲೋಟ ಕೆಡವಿದ. ಇಟ್ಟ ಜಾಗ ಅವನಿಗೆ ತಪ್ಪಿದ್ದು ಏಳು ವರ್ಷದಲ್ಲಿ ಇದೇ ಮೊದಲು.

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೈದು. ಮದುವೆಯಾಗಿ ಹೋಗುವಾಗ ಪೆಟ್ಟಿಗೆಯ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಭಾವ ಪುಸ್ತಕ ಹೊಲಿದು ರಟ್ಟು ಕಟ್ಟುವವರು. ಕೆಳಗೆ ಅವರ ಕೆಲಸದ ಕೋಣೆ, ಮೇಲೆ ಮನೆ. ಆ ಮನೆಯಲ್ಲಿ ಮೂವತ್ತಾರು ವರ್ಷ ಇದ್ದೆ. ಒಂದು ದಿನವೂ ‘ಇವಳು ಯಾಕೆ ಇಲ್ಲಿ’ ಎಂಬ ಮುಖವನ್ನು ಇಬ್ಬರಲ್ಲಿ ಒಬ್ಬರೂ ಮಾಡಲಿಲ್ಲ.

ಮಾರ್ಚ್ ೧೩, ಬುಧವಾರ

ಮನೆಗಳ ಪಟ್ಟಿ ಬಂತು. ಮುದ್ರಣಾಲಯದ ಬೀದಿಯಲ್ಲಿ ಇನ್ನೂರ ಎಂಬತ್ತನಾಲ್ಕು ಜನ. ಗೋದಾಮು ಓಣಿಯಲ್ಲಿ ನೂರ ತೊಂಬತ್ತು. ಅಂದರೆ ಕಾಲುವೆ ಗೋದಾಮು ಓಣಿಗೆ.

ಅಣ್ಣ ಎರಡು ಸಲ ಓದಿಸಿದ. “ನೋಡು ಪುಟ್ಟಿ, ಲೆಕ್ಕಾನೂ ರಕ್ತಾನೂ ಒಂದೇ ಕಡೆ ಬಂತು. ಜೀವಮಾನಕ್ಕೆ ಒಂದು ಸಲ ಹೀಗಾಗುತ್ತೆ.” ಏನೋ ಗುನುಗುತ್ತ ತಾನೇ ಗಡ್ಡ ಮಾಡಿಕೊಂಡ. ಕಿವಿಯ ಕೆಳಗೆ ಒಂದು ಗೆರೆ ಹಾಗೇ ಉಳಿಯಿತು. ನಾನು ಹೇಳಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. “ಎಷ್ಟಾದ್ರೂ ನಮ್ಮಣ್ಣ ಕಣೇ” ಎಂದಳು.

“ಅವನು ಲೆಕ್ಕ ನೋಡಿ ಹೇಳಿದ್ದು, ಅಕ್ಕ.”

“ಏನೋ ಒಂದು. ಮನೆ ಉಳೀತಲ್ಲ.”

ಮಾರ್ಚ್ ೧೫, ಶುಕ್ರವಾರ

ಪಟ್ಟಿಯನ್ನು ಕಡತಕ್ಕೆ ಸೇರಿಸುವಾಗ ಕಣ್ಣು ತಡೆಯಿತು. ಗೋದಾಮು ಓಣಿಯ ಮನೆ ನಂಬರುಗಳಲ್ಲಿ ಇಪ್ಪತ್ತೆರಡಾದ ಮೇಲೆ ಇಪ್ಪತ್ತೇಳು. ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಕಣ್ಣಿಗೆ ಇಂಥದ್ದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಅಣ್ಣನಿಗೆ ಹೇಳಿದೆ. “ಅವು ಗೋದಾಮುಗಳಿರ್ತವೆ. ಚೀಲಗಳನ್ನ ಎಣಿಸ್ತಾರಾ?” ಎಂದ.

ಇರಬಹುದು.

ಮಾರ್ಚ್ ೧೯, ಮಂಗಳವಾರ

ಅಣ್ಣನನ್ನು ಎರಡು ಗಂಟೆಗಿಂತ ಹೆಚ್ಚು ಒಬ್ಬನನ್ನೇ ಬಿಡುವಂತಿಲ್ಲ. ಔಷಧಿ ಅಂಗಡಿಗೆ ಎಂದು ಸುಳ್ಳು ಹೇಳಿ ಗೋದಾಮು ಓಣಿಗೆ ಹೋದೆ. ಹೋಗುವಾಗ ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲಿ ಯಾಕೆ ಮುಚ್ಚಿಡಲಿ? ಅಲ್ಲಿ ಬರೀ ಚೀಲಗಳಿರಲಿ ಎಂದೇ ಹೋದೆ.

ನಾಲ್ಕು ಗೋದಾಮು, ಸಾಲಾಗಿ. ಕೆಳಗೆ ಚೀಲಗಳೇ, ಸೂರು ಮುಟ್ಟುವಷ್ಟು. ಹಿಂದುಗಡೆ ಕಬ್ಬಿಣದ ಮೆಟ್ಟಿಲು ಕಂಡಿತು. ಹತ್ತಿದೆ. ಮೇಲೆ ಅಟ್ಟ, ಅಟ್ಟದ ಉದ್ದಕ್ಕೂ ಹಲಗೆ, ತಗಡು, ಹಳೆಯ ಬಟ್ಟೆ ಅಡ್ಡ ಕಟ್ಟಿ ಮಾಡಿದ ಗೂಡುಗಳು. ಮೊದಲ ಗೂಡಿನ ಬಾಗಿಲಲ್ಲಿ ಒಬ್ಬ ಹೆಂಗಸು ದಬ್ಬಳ ಹಿಡಿದು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು.

“ಇಲ್ಲಿ ಎಷ್ಟು ಜನ ಇದೀರಮ್ಮ?”

“ಈಗ ಎಣಿಸ್ತೀರೋ, ಪಾಳಿ ಮುಗಿದ ಮೇಲೆ ಎಣಿಸ್ತೀರೋ? ಹಾಸಿಗೆ ಒಂದೇ, ಮಲಗೋರು ಇಬ್ಬರು.”

“ಪಟ್ಟಿ ಮಾಡೋರು ಬಂದಿರಲಿಲ್ವಾ?”

“ಬಂದಿದ್ರು. ಕೆಳಗೆ ನಿಂತು ‘ಮೇಲೇನಿದೆ’ ಅಂದ್ರು. ಗೋದಾಮಿನ ಯಜಮಾನ್ರು ‘ಹಳೇ ಚೀಲ’ ಅಂದ್ರು. ನಾವು ಕೆಮ್ಮದೆ ಕೂತಿದ್ವಿ.”

“ಯಾಕೆ?”

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಇದೀವಿ ಅಂದ್ರೆ ಖಾಲಿ ಮಾಡಿಸ್ತಾರೆ. ಇಲ್ಲ ಅಂದ್ರೆ ಇರಬಹುದು.” ಹನ್ನೊಂದು ವರ್ಷದಿಂದ ಹಾಗೇ ಇದ್ದಾಳಂತೆ. “ನೀವು ಯಾರ ಕಡೆಯೋರು?”

ಏನು ಹೇಳಲಿ? “ನಾನು ಓದಿ ಹೇಳೋಳು” ಎಂದೆ.

“ಹಾಗಾದ್ರೆ ಇದನ್ನ ಓದಿ” ಎಂದು ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟಳು. ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಹೇಳಿದೆ. “ಮುಗೀಲಿ ಬಿಡಿ, ಕೆಮ್ಮಿಗೆ ತಾರೀಖು ಗೊತ್ತಾಗಲ್ಲ” ಎಂದು ಮುಚ್ಚಳ ಬಿಗಿದು, ಎದ್ದು ಬಂದು, ನಾಲ್ಕೂ ಅಟ್ಟಗಳನ್ನು ತೋರಿಸಿದಳು.

ಹಾಸಿಗೆ ಎಣಿಸದೆ ಹೆಸರು ಕೇಳಿ ಎಣಿಸಿದೆ. ನೂರ ಅರವತ್ತಮೂರು. ಮೆಟ್ಟಿಲ ಮೇಲೆ ಕೂತು ಇನ್ನೊಂದು ಸಲ ಕೂಡಿದೆ, ತಪ್ಪಿರಲಿ ಎಂದು. ತಪ್ಪಿರಲಿಲ್ಲ. ಪಟ್ಟಿಯ ನೂರ ತೊಂಬತ್ತರ ಜೊತೆ ಸೇರಿಸಿದರೆ ಮುನ್ನೂರ ಐವತ್ತಮೂರು.

ಅಕ್ಕನ ಬೀದಿಯಲ್ಲಿ ಇನ್ನೂರ ಎಂಬತ್ತನಾಲ್ಕು.

ಮಾರ್ಚ್ ೨೦, ಬುಧವಾರ

ಬೆಳಿಗ್ಗೆ ಅಣ್ಣನೇ ಕೇಳಿದ: “ಔಷಧಿ ಅಂಗಡೀಲಿ ಗೋಣಿ ಯಾವಾಗಿನಿಂದ ಮಾರ್ತಿದಾರೆ?” ನನ್ನ ಬಟ್ಟೆಗೆ ವಾಸನೆ ಹತ್ತಿತ್ತಂತೆ. ಹೇಳಿಬಿಟ್ಟೆ, ಎಲ್ಲವನ್ನೂ.

ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆಮೇಲೆ ಪಾಠ ಮಾಡುವ ದನಿ ತೆಗೆದ. “ತಲೆ ಎಣಿಸೋದು ಅಂದ್ರೆ ಲೆಕ್ಕ ಮುಗೀತು ಅಂತ ಅಲ್ಲ, ಪುಟ್ಟಿ. ನೋವು ಎಣಿಸಬೇಕು. ನಲವತ್ತು ವರ್ಷ ಬೇರು ಬಿಟ್ಟೋರನ್ನ ಕಿತ್ತರೆ ಆಗೋ ನೋವೂ, ಇವತ್ತು ಈ ಅಟ್ಟ ನಾಳೆ ಆ ಅಟ್ಟ ಅನ್ನೋರನ್ನ ಕಳಿಸಿದ್ರೆ ಆಗೋ ನೋವೂ ಒಂದೇ ತೂಕವಾ?”

ವಾದ ಚೆನ್ನಾಗಿದೆ. ಆದರೆ ನಾನು ಬರೆದುಕೊಂಡ ಎಂಟು ಅಧ್ಯಾಯಗಳಲ್ಲಿ ಎಲ್ಲೂ ಇರಲಿಲ್ಲ. ಇವತ್ತು ಬೆಳಿಗ್ಗೆ ಹುಟ್ಟಿದ್ದು.

“ಅವಳು ಹನ್ನೊಂದು ವರ್ಷದಿಂದ ಒಂದೇ ಅಟ್ಟದಲ್ಲಿದಾಳೆ.”

“ಯಾರು?”

“ಚೀಲ ಹೊಲಿಯೋಳು.”

“ಒಬ್ಬಳನ್ನ ನೋಡಿ ಮರುಳಾಗಬೇಡ. ಮುಖ ನೋಡಿದೋರಿಗೆ ಲೆಕ್ಕ ಬರಲ್ಲ.”

“ನೀನು ಯಾರ ಮುಖ ನೋಡ್ತಿದೀಯ, ಅಣ್ಣ?” ಎಂದುಬಿಟ್ಟೆ. ಕಣ್ಣಿಲ್ಲದವನನ್ನು ಕೇಳಬಾರದ ಮಾತು. ಊಟಕ್ಕೆ ಏಳಲಿಲ್ಲ. ತಪ್ಪಾಯಿತು ಎಂದೆ. “ತಪ್ಪೇನಿಲ್ಲ” ಎಂದ, ಆದರೂ ಏಳಲಿಲ್ಲ.

ಮಾರ್ಚ್ ೨೪, ಭಾನುವಾರ

ಅಕ್ಕ ಬಂದಿದ್ದಳು. ಅಟ್ಟದ ವಿಷಯ ಅವಳಿಗೆ ಹೇಳಬಾರದಿತ್ತು. ಅಕ್ಕನ ಎದುರು ನನ್ನ ಬಾಯಿಗೆ ಇನ್ನೂ ಒಂಬತ್ತೇ ವರ್ಷ.

“ನಾವಿಲ್ಲ ಅಂತ ಅವರೇ ಹೇಳ್ತಿದಾರಲ್ಲೇ. ಇದಾರೆ ಅಂತ ನೀನು ಯಾಕೆ ಡಂಗುರ ಸಾರ್ತೀಯ?”

ನಾನು ಕುಡಿಯಲು ನೀರು ತಂದಿಟ್ಟೆ.

“ನಿನ್ನ ಭಾವನ ಕಾಗದ ಕತ್ತರಿಸೋ ಮಷೀನು ಇಟ್ಟ ಮೇಲೆ ಆ ಗೋಡೆ ಎದ್ದಿದ್ದು. ಅದು ಬಾಗಿಲಲ್ಲಿ ಆಚೆ ಬರಲ್ಲ. ಅವರೂ ಬರಲ್ಲ.” ಕಣ್ಣು ಒರೆಸಿಕೊಳ್ಳಲಿಲ್ಲ, ಅಳುತ್ತಲೂ ಇರಲಿಲ್ಲ. “ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ ನಾನು?”

ಕೇಳಿಲ್ಲ. ಅದೇ ಕಷ್ಟ. ಬಾಯಿಬಿಟ್ಟು ಕೇಳುವವರಿಗಾದರೆ ಇಲ್ಲ ಎನ್ನಬಹುದು.

ಮಾರ್ಚ್ ೨೭, ಬುಧವಾರ

ಅಣ್ಣ ಸಮಿತಿಗೆ ತನ್ನ ಅಭಿಪ್ರಾಯ ಬರೆಸಿದ. ಒಂದು ಹಾಳೆ. “ಗೋದಾಮು ಓಣಿಯಲ್ಲಿ, ಪಟ್ಟಿಯ ಪ್ರಕಾರ, ನೂರ ತೊಂಬತ್ತು ಜನ...”

ನನ್ನ ಪೆನ್ನು ನಿಂತದ್ದು ಅವನಿಗೆ ಕೇಳಿಸಿತು. “‘ಪಟ್ಟಿಯ ಪ್ರಕಾರ’ ಅಂತ ಹಾಕಿದೀನಲ್ಲ. ಸುಳ್ಳಾಗಲ್ಲ.”

“ತಪ್ಪು ಅಂತ ಗೊತ್ತಿದ್ದೂ ಬಿಟ್ರೆ ಅದು ಅಚ್ಚಿನ ತಪ್ಪಲ್ಲ, ಅಣ್ಣ.”

“ಬರಿ, ಪುಟ್ಟಿ.” ಆಜ್ಞೆ ಮಾಡುವ ದನಿಯಲ್ಲ. ಬೇಡುವ ದನಿ. ಅವನು ಹಾಗೆ ಮಾ‌ತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಬರೆದೆ. ಕೈ ನನ್ನದು, ಮಾತು ಅವನದು. ಯಾವತ್ತೂ ಹಾಗೇ ಅಲ್ಲವೇ?

ಮಾರ್ಚ್ ೩೦, ಶನಿವಾರ

ಅಧ್ಯಾಯ ನಿಂತಿದೆ. ಕಿಟಕಿ ಮುಚ್ಚು ಎಂದ, ಮುಚ್ಚಿದೆ. ತೆಗಿ ಎಂದ, ತೆಗೆದೆ. ಎರಡು ಗಂಟೆ ಹೊರಗೆ ಹೋಗಿ ಬರಬಹುದಿತ್ತು. ಎಲ್ಲಿಗೆ? ಆಚೆ ದಿಕ್ಕಿಗೆ ಅಕ್ಕನ ಮನೆ, ಈಚೆ ದಿಕ್ಕಿಗೆ ಓಣಿ. ಮೆಟ್ಟಿಲ ತನಕ ಹೋಗಿ ವಾಪಸು ಬಂದೆ.

ಏಪ್ರಿಲ್ ೨, ಮಂಗಳವಾರ

ನಗರಸಭೆಯ ಮೇಲಿನ ಕೋಣೆ. ಉದ್ದದ ಮೇಜು, ಕಿರುಗುಟ್ಟುವ ಫ್ಯಾನು. ಅಣ್ಣನ ಕಣ್ಣಾಗಿ ನಾನು ಪಕ್ಕದಲ್ಲಿ. ಬರೆದುಕೊಳ್ಳಲು ಒಬ್ಬ ಗುಮಾಸ್ತ. ಅವನ ಮನೆಯೂ ಮುದ್ರಣಾಲಯದ ಬೀದಿಯಲ್ಲೇ.

ನ್ಯಾಯಾಧೀಶರು ಶುರು ಮಾಡಿದರು. “ಪ್ರೊಫೆಸರೇ, ಹಕ್ಕು ಅನ್ನೋದು ಬರೀ ಬೇಲಿ ಗೂಟ, ಹೊಲಕ್ಕೋಸ್ಕರ ಬೇಲಿ ಅಂತ ಬರೀತೀರಿ. ಗೂಟ ಕಿತ್ತ ಮೇಲೆ ದನ ನಿಮ್ಮ ಲೆಕ್ಕ ಕೇಳ್ಕೊಂಡು ನುಗ್ಗಲ್ಲ.”

“ಬೇಲಿನೇ ಎದ್ದು ಹೊಲ ಮೇಯ್ದ ಕೇಸು ನಿಮ್ಮ ಕೋರ್ಟಿಗೆ ಎಷ್ಟು ಬಂದಿಲ್ಲ, ಸ್ವಾಮಿ?” ಎಂದ ಅಣ್ಣ. ಎಲ್ಲರೂ ನಕ್ಕರು. ಅವನಿಗೂ ಸ್ವಲ್ಪ ಜೀವ ಬಂತು.

“ಮೇಡಂ, ಸರ್ ಅಭಿಪ್ರಾಯ ಓದಿಬಿಡಿ” ಎಂದರು ಇಂಜಿನಿಯರ್.

ಎದ್ದು ನಿಂತು ಓದಿದೆ. ಮೊದಲ ಎರಡು ಸಾಲು ಸರಾಗವಾಗಿ ಹೋಯಿತು. ಮೂರನೆಯದರಲ್ಲಿ ನನ್ನದೇ ದುಂಡನೆಯ ಅಕ್ಷರ: ಪಟ್ಟಿಯ ಪ್ರಕಾರ ನೂರ ತೊಂಬತ್ತು. “ಪಟ್ಟಿಯ ಪ್ರಕಾರ ನೂರ ತೊಂಬತ್ತು ಜನ. ಎಣಿಸಿದ ಪ್ರಕಾರ ಮುನ್ನೂರ ಐವತ್ತಮೂರು” ಎಂದು ಓದಿದೆ.

ಯಾಕೆ ಹಾಗೆ ಓದಿದೆನೋ ತಿಳಿಯದು. ಅಭ್ಯಾಸವಿರಬೇಕು. ಅಚ್ಚಿನಲ್ಲಿ ತಪ್ಪಿದ್ದರೆ ನಾಲಿಗೆ ತಾನಾಗಿ ತಿದ್ದಿಕೊಂಡು ಓದುತ್ತದೆ.

ಗುಮಾಸ್ತನ ಪೆನ್ನು ನಿಂತಿತು. “ಯಾರು ಎಣಿಸಿದ್ದು?” ಎಂದರು ನ್ಯಾಯಾಧೀಶರು.

ಅಣ್ಣನ ಮುಖ ಗೋಡೆಯ ಕಡೆಗಿತ್ತು. ‘ನನ್ನ ತಂಗಿ ತಪ್ಪು ಓದಿದಳು’ ಎಂದರೆ ಸಾಕಿತ್ತು. ಯಾರೂ ಹಾಳೆ ಕೇಳುತ್ತಿರಲಿಲ್ಲ. ಫ್ಯಾನು ಎಷ್ಟೋ ಸುತ್ತು ತಿರುಗಿತು.

“ನಮ್ಮ ಮನೆಯೋರೇ ಎಣಿಸಿದ್ದು” ಎಂದ. “ಗೋದಾಮುಗಳ ಅಟ್ಟ ಹತ್ತಿ ನೋಡಿ. ಅಂಕಿ ಸರಿಯಾಗಿದೆ. ಮುಂದಿಂದು ಓದಬೇಕಾಗಿಲ್ಲ. ನನ್ನ ಮತ ಮುದ್ರಣಾಲಯದ ಬೀದಿಗೆ.”

ವಾಪಸು ಬರುವಾಗ ನನ್ನ ಭುಜದ ಮೇಲಿದ್ದ ಅವನ ಕೈ ಭಾರವಾಗಿತ್ತು. ನಮ್ಮ ಮೆಟ್ಟಿಲ ಬುಡದಲ್ಲಿ ನಿಂತು, “ನಿನ್ನ ದನಿ ನಡುಗಲಿಲ್ಲ” ಎಂದ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ.

ಏಪ್ರಿಲ್ ೩, ಬುಧವಾರ

ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ ೧೭, ಬುಧವಾರ

ಸರ್ಕಾರದ ಆದೇಶ ಬಂತು: ಕಾಲುವೆ ಮುದ್ರಣಾಲಯದ ಬೀದಿಗೇ. ಅಟ್ಟಗಳನ್ನು ಹತ್ತಿ ಎಣಿಸಿದರಂತೆ; ನನ್ನ ಲೆಕ್ಕಕ್ಕಿಂತ ಇಬ್ಬರು ಹೆಚ್ಚೇ ಸಿಕ್ಕರಂತೆ. ಈಗ ಅವರೆಲ್ಲರ ಹೆಸರೂ ಪಟ್ಟಿಯಲ್ಲಿದೆ. ಅದರಿಂದ ಅವರಿಗೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ನಾನು ಕಾಣೆ.

ಪತ್ರಿಕೆಯಲ್ಲಿ ಅಣ್ಣನ ಫೋಟೊ. ‘ತಂಗಿಯ ಮನೆಯನ್ನೂ ಬಿಡದ ತತ್ತ್ವನಿಷ್ಠೆ’. ಓದಿ ಹೇಳಿದೆ. ಅರ್ಧಕ್ಕೇ “ಸಾಕು” ಎಂದ. “ನಿಜ ಏನು ಅಂತ ಅವರಿಗೆ ಬರೆದು ಕಳಿಸು.”

“ಏನಂತ?”

“ನನಗೆ ತಂಗೀರು ಇಬ್ಬರು ಅಂತ.”

ಕಳಿಸಲಿಲ್ಲ. ಸಮಿತಿಯಲ್ಲಿ ಎದ್ದು ನಿಂತು ಓದಿದವಳು ಯಾರು ಎಂಬುದನ್ನು ಗುಮಾಸ್ತ ಅದೇ ದಿನ ಬೀದಿಗೆಲ್ಲ ಹೇಳಿದ್ದಾನೆ. ಗೊತ್ತಾಗಬೇಕಾದವರಿಗೆ ಗೊತ್ತಾಗಿದೆ.

ಮೇ ೪, ಶನಿವಾರ

ಅಕ್ಕ, ಭಾವ ಇಲ್ಲಿಗೆ ಬಂದರು. ಸರ್ಕಾರ ಕೊಡುವ ಮನೆ ಮುಗಿಯಲು ಇನ್ನೊಂದು ವರ್ಷವಂತೆ. ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಗೋಡೆ ಒಡೆದು ಎಂಟು ಜನ ಸೇರಿ ಮಷೀನನ್ನು ಹೊರಗೆ ತಂದರಂತೆ. ಈಗ ನಗರಸಭೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡಿದೆ. ಭಾವ ಬಂದವರೇ ನನ್ನ ತಲೆ ಸವರಿದರು. “ಏನಮ್ಮಾ, ಬಡವಾಗಿದೀಯ” ಎಂದರು.

ಅಕ್ಕ ಹಾಸಿಗೆಯ ಸುರುಳಿ ಹಿಡಿದು ನಡುಮನೆಯಲ್ಲಿ ನಿಂತಳು. ಭಾವನಿಗೆ ಹೇಳಿದಳು: “ಎಲ್ಲಿ ಹಾಸೋದು ಅಂತ ಕೇಳಿ.”

ಜೂನ್ ೨೭, ಗುರುವಾರ

ಎರಡು ಕೋಣೆ, ನಾಲ್ಕು ಜನ. ಅಕ್ಕನಿಗೆ ನಮ್ಮಿಬ್ಬರ ಜೊತೆಯೂ ಮಾತಿಲ್ಲ. ಭಾವನಿಗೆ ಹೇಳುತ್ತಾಳೆ, ಭಾವ ನಮಗೆ ಹೇಳುತ್ತಾರೆ. ಒಂದು ಮಾರು ದೂರಕ್ಕೆ ಅಂಚೆ. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು. ಸ್ನಾನದ ಕೋಣೆಯ ಬಾಗಿಲ ಹಿಂದೆ ಮಾತ್ರ ನಾನು ಒಬ್ಬಳೇ. ಅಲ್ಲಿಯೂ ಹೊರಗೆ ಯಾರಾದರೂ ಕಾಯುತ್ತಿರುತ್ತಾರೆ.

ಮೂರು ದಿನದಿಂದ ಜಡಿಮಳೆ. ಇಂಜಿನಿಯರ್ ಫೋನು ಮಾಡಿದರು: ಕಾಲುವೆ ಇನ್ನೂ ಕಚ್ಚಾ, ಆದರೂ ತಗ್ಗಿನ ಬಡಾವಣೆಗೆ ನೀರು ನುಗ್ಗಲಿಲ್ಲ. ಗಟ್ಟಿಯಾಗಿ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು. “ನೀರು ಹೋಯ್ತಲ್ಲ, ಸರಿ” ಎಂದರು ಭಾವ. ಅಕ್ಕ ಪಾತ್ರೆ ತೊಳೆಯುತ್ತಲೇ ಇದ್ದಳು.

ಅಣ್ಣ ಅಧ್ಯಾಯ ಮತ್ತೆ ಶುರು ಮಾಡಿದ್ದಾನೆ. “ಮುಖ ನೋಡಿದವರಿಗೆ ಲೆಕ್ಕ ಬರುವುದಿಲ್ಲ” ಎಂದು ಬರೆಸಿದ. ‘ಮುಖ ನೋಡದವರು ಲೆಕ್ಕದಲ್ಲಿ ನಾಲ್ಕು ಮನೆ ಬಿಟ್ಟುಬಿಡುತ್ತಾರೆ’ ಎಂದು ಬರೆದೆ. ಅವನಿಗೆ ಹೇಳಲು ಮರೆತುಹೋಯಿತು.

ಜುಲೈ ೩, ಬುಧವಾರ

ಮಧ್ಯಾಹ್ನ ಭಾವ ಮಲಗಿದ್ದರು. ನಾನು ಒಲೆಯ ಮುಂದಿದ್ದೆ. ಹಿಂದಿನಿಂದ ಅಕ್ಕನ ದನಿ. “ಒಂದು ಮಾತು ಹೇಳ್ತೀನಿ, ತಿರುಗಬೇಡ.”

ಅವಳು ನನ್ನ ಜೊತೆ ಮಾತಾಡಿ ಮೂರು ತಿಂಗಳಾಗಿತ್ತು. ತಿರುಗಲಿಲ್ಲ.

“ಗುಮಾಸ್ತ ಏನಾದ್ರೂ ಹೇಳ್ಕೊಳ್ಳಲಿ. ಅಣ್ಣ ಓದಿಸಿದ ಅಂತ ನೀನು ಹೇಳು. ಮನೇಲೇ ಬರೆಸಿದ್ದ, ನಾನು ಓದಿದೆ ಅಂತ. ಅಷ್ಟು ಸಾಕು. ಅಣ್ಣನ ಮೇಲೆ ಸಿಟ್ಟಿಟ್ಕೊಂಡು ನಾನು ಬದುಕಬಲ್ಲೆ. ಅವನು ಪುಸ್ತಕದೋನು, ಯಾವತ್ತು ನಮ್ಮೋನಾಗಿದ್ದ? ನಿನ್ನ ಮೇಲೆ ಸಿಟ್ಟಿಟ್ಕೊಂಡು ಬದುಕೋಕೆ ಬರ್ತಿಲ್ಲ ಕಣೇ ನನಗೆ.” ಹೆಜ್ಜೆ ಸರಿದ ಸದ್ದಾಯಿತು. “ನಾಳೆ ಹೇಳು. ಯೋಚನೆ ಮಾಡಿ ಹೇಳು” ಎಂದು ಹೋದಳು.

ಅಣ್ಣನ ಕಿವಿಗೆ ಗೋಡೆ ಅಡ್ಡವಲ್ಲ. ಆಮೇಲೆ ನನ್ನನ್ನು ಹತ್ತಿರ ಕರೆದ. “ಹೇಳಿಬಿಡು. ನಾನೂ ಹೌದು ಅಂತೀನಿ. ಅವಳಿಗೆ ನೆಮ್ಮದಿ, ನಿನಗೆ ನೆಮ್ಮದಿ, ಭಾವನಿಗೆ ನೆಮ್ಮದಿ. ನಷ್ಟ ನನಗೊಬ್ಬನಿಗೆ, ಅದೂ ನಾನೇ ಒಪ್ಪಿಕೊಂಡಿದ್ದು. ಇಷ್ಟು ಸಲೀಸಾದ ಲೆಕ್ಕ ನನ್ನ ಪುಸ್ತಕದಲ್ಲೇ ಇಲ್ಲ, ಪುಟ್ಟಿ.”

ಅವನು ನಗಿಸಲು ಹೇಳಿದ. ಅವನ ಕೈ ಹಿಡಿದುಕೊಂಡೆ.

ಲೆಕ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ನಾಳೆ ಹೇಳಿಬಿಡುತ್ತೇನೆ.

ಜುಲೈ ೪, ಗುರುವಾರ

ಮಳೆಯಿಂದಾಗಿ ಬಟ್ಟೆ ಒಳಗೇ ಒಣಗಬೇಕು. ಅಕ್ಕ ಒದ್ದೆ ಹೊದಿಕೆಯನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಹೋಗಿ ಇನ್ನೊಂದು ತುದಿ ಹಿಡಿದೆ. ಬೇಡ ಎನ್ನಲಿಲ್ಲ.

“ಯೋಚನೆ ಮಾಡಿದ್ಯಾ?”

“ಮಾಡಿದೆ.”

“ಹೇಳು.”

ಎರಡೇ ಪದ. ಅಣ್ಣ ಓದಿಸಿದ. ಬೆಳಗಿನಿಂದ ಬಾಯೊಳಗೇ ಹೇಳಿಕೊಂಡು ರೂಢಿ ಮಾಡಿದ್ದೆ.

“ಅಕ್ಕ, ಅಣ್ಣ ನೂರ ತೊಂಬತ್ತು ಅಂತಲೇ ಬರೆಸಿದ್ದ. ನಿನ್ನ ಮನೆ ಉಳೀಲಿ ಅಂತ ಬರೆಸಿದ್ದ. ಓದಿದ್ದು ನಾನು.”

ಹೊದಿಕೆ ನಮ್ಮಿಬ್ಬರ ನಡುವೆ ಇತ್ತು. ಅವಳ ಮುಖ ಕಾಣಲಿಲ್ಲ. ಅಂಚು ಹಿಡಿದ ಬೆರಳುಗಳು ಮಾತ್ರ ಕಂಡವು.

“ಅಣ್ಣ ಬರೆಸಿದ್ನಾ? ನಮಗೋಸ್ಕರ?”

“ಹೂಂ.”

“ಅವನು ಬರೆಸಿದ್ದನ್ನೂ ಬಿಟ್ಟು ನೀನು ಓದಿದ್ಯಾ?”

“ಓದಿದೆ.”

ಬೆರಳು ಬಿಟ್ಟವು. ಹೊದಿಕೆಯ ಆ ತುದಿ ನೆಲಕ್ಕೆ ಬಿತ್ತು. ಅಕ್ಕ ಅಡುಗೆಮನೆಗೆ ಹೋದಳು. ಪಾತ್ರೆ ಸದ್ದಾಯಿತು, ನೀರು ಕುದಿಯುವ ಸದ್ದಾಯಿತು. ನಾನು ಹೊದಿಕೆಯನ್ನು ಎತ್ತಿ ಎರಡೂ ತುದಿಗಳನ್ನು ಹಗ್ಗಕ್ಕೆ ಸಿಕ್ಕಿಸುವ ಹೊತ್ತಿಗೆ ಅವಳು ತಟ್ಟೆಯಲ್ಲಿ ಚಹಾ ತಂದಳು. ನೇರವಾಗಿ ಅಣ್ಣನ ಹತ್ತಿರ ಹೋಗಿ, ಅವನ ಕೈ ಹಿಡಿದು ಲೋಟ ಮುಟ್ಟಿಸಿ, “ಬಿಸಿ ಇದೆ ಅಣ್ಣ, ನೋಡ್ಕೊಂಡು” ಎಂದಳು. ಅಣ್ಣ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಲೋಟ ಭಾವನಿಗೆ ಕೊಟ್ಟಳು. ಉಳಿದದ್ದನ್ನು ತಾನು ತೆಗೆದುಕೊಂಡು ಗೋಡೆಗೆ ಒರಗಿ ಕೂತಳು. ತಂದದ್ದು ಮೂರೇ.

ನಾನು ಒಳಗೆ ಹೋಗಿ ನನ್ನದನ್ನು ನಾನೇ ಮಾಡಿಕೊಂಡೆ. ಅಡುಗೆಮನೆಯಲ್ಲೇ ನಿಂತು ಕುಡಿಯಬಹುದಿತ್ತು. ಲೋಟ ಹಿಡಿದು ಅವರಿದ್ದ ಕಡೆಗೇ ಬಂದೆ. ಕೂರಲು ಜಾಗವಿರಲಿಲ್ಲ. ಯಾರೂ ತಲೆ ಎತ್ತಲಿಲ್ಲ.

ಭಾವ ಸ್ವಲ್ಪ ಸರಿದರು. ಕೂತೆ.